ಒಂದೇ ಬಕೆಟ್ಟಿನಲ್ಲಿ ಕಲಸಿದ ರೆಸಿನ್

ಮಧ್ವರಾಜ, ವಯಸ್ಸು 63, ನಿವೃತ್ತ ಡ್ರಾಫ್ಟ್ಸ್‌ಮನ್, ವಾಸ ಅಡ್ಯಾರ್, ಚೆನ್ನೈ. ಬಲಗೈ ಸುಟ್ಟಿರುವುದರಿಂದ, ಕನ್ನಡ ಬಲ್ಲ ಹೊಸೂರಿನ ಕಾನ್ಸ್‌ಟೇಬಲ್ ಕೈಯಲ್ಲಿ ಹೇಳಿ ಬರೆಸುವುದೇನೆಂದರೆ:

ನಾನು ಹನ್ನೊಂದು ವರ್ಷದಿಂದ ಮನೆಯ ಶೆಡ್ಡಿನಲ್ಲಿ ಹಳೆಯ ಕಾರುಗಳಿಗೆ ಫೈಬರ್ ಮಡ್‌ಗಾರ್ಡ್, ಬಾನೆಟ್ ಮಾಡಿಕೊಡುತ್ತೇನೆ. ಅಚ್ಚಿನೊಳಗೆ ಗಾಜಿನ ನಾರಿನ ಮ್ಯಾಟ್ ಹಾಸಿ, ರೆಸಿನ್ ಎಂಬ ಅಂಟುದ್ರವಕ್ಕೆ ಅದನ್ನು ಗಟ್ಟಿ ಮಾಡುವ ಹಾರ್ಡನರ್ ಬೆರೆಸಿ ಬ್ರಷ್ಷಿನಿಂದ ಬಳಿಯಬೇಕು. ಬೆರೆಸಿದ ಹದಿನೈದು ನಿಮಿಷದಲ್ಲಿ ಅದು ಗಟ್ಟಿಯಾಗುತ್ತದೆ. ಇದು ಇಬ್ಬರ ಕೆಲಸ. ನಾನು ಬಳಿಯುತ್ತಿದ್ದೆ, ನನ್ನ ಹೆಂಡತಿ ಸೀತಾ ಒಂದೊಂದೇ ಲೋಟ ಕಲಸಿಕೊಟ್ಟು, ಗಡಿಯಾರ ನೋಡಿ ನಿಮಿಷ ಕೂಗುತ್ತಿದ್ದಳು. ಕಳೆದ ಸೆಪ್ಟೆಂಬರಿನಲ್ಲಿ ಅವಳು ತೀರಿಕೊಂಡಳು.

ದಿನಾಂಕ 14-5-2003, ಬೆಳಿಗ್ಗೆ 11.10ಕ್ಕೆ ಹಳೆಯ ಫಿಯಟ್ ಒಂದರ ಎಡ ಮಡ್‌ಗಾರ್ಡ್ ಕೆಲಸಕ್ಕೆ ಕುಳಿತೆ. ಅಂಟುಗೈಯಲ್ಲಿ ಹತ್ತು ಸಲ ಎದ್ದು ಕಲಸುವ ಬೇಸರಕ್ಕೆ ನಾಲ್ಕು ಕಿಲೋ ರೆಸಿನ್ ಒಂದೇ ಬಕೆಟ್ಟಿನಲ್ಲಿ ಕಲಸಿದೆ. ಕೆಲಸ ಬಲ್ಲವನು ಮಾಡುವ ತಪ್ಪಲ್ಲ. ರಾಶಿಯಾಗಿ ಇಟ್ಟರೆ ಅದು ತಾನೇ ಕಾದು ಹೊಗೆಯಾಡುತ್ತದೆ. ಮೇ ತಿಂಗಳ ಮದ್ರಾಸಿನಲ್ಲಂತೂ ಕೇಳುವುದೇ ಬೇಡ. ಧೂಳು ಬೀಳಬಾರದೆಂದು ಒಳಗಿನಿಂದ ಚಿಲಕ ಹಾಕಿದ್ದೆ. 11.22ಕ್ಕೆ ಹೊಗೆ ಎದ್ದಿತು. ಬಕೆಟ್ ಎತ್ತಲು ಹೋಗಿ ಕೈ ಸುಟ್ಟುಕೊಂಡು, ಕೆಮ್ಮುತ್ತಾ ಕುಸಿದೆ.

ಹನ್ನೆರಡು ಅಡಿ ಆಚೆಯ ಮನೆಯ ಸರಸ ಅವರು, “ಮಾಮಾ, ಕದಾ ತೆಗೀರಿ! ಒಳಗೆ ಒರೇ ಹೊಗೆ!” ಎಂದು ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಕೂಗಿದ್ದು ಕೇಳಿಸಿತು. ಏಳಲಾಗಲಿಲ್ಲ. ಅವರು ರುಬ್ಬುವ ಗುಂಡಿನಿಂದ ಕದಕ್ಕೆ ಹೊಡೆದು ಚಿಲಕ ಮುರಿದು ನನ್ನನ್ನು ಹೊರಗೆಳೆದರು. ಆಮೇಲೆ ಠಾಣೆಗೆ ಬಂದು, ನಾನು ಸಾಯಲು ಹೊರಟಿದ್ದೆನೆಂದೂ, ಅದಕ್ಕೂ ಮುಂಚೆ ಒಬ್ಬನೇ ಯಾರೊಡನೆಯೋ ಮಾತನಾಡುತ್ತಿದ್ದೆನೆಂದೂ ದೂರು ಕೊಟ್ಟರು. ಅದರ ಮೇಲೆ ಪೊಲೀಸರು ನನ್ನನ್ನು ಠಾಣೆಗೆ ಕರೆತಂದರು.

ಮೊದಲನೆಯದು ಸುಳ್ಳು. ಎರಡನೆಯದು ನಿಜ. “ಎಷ್ಟು ನಿಮಿಷ ಆಯ್ತೇ?” ಎಂದು ಎರಡು ಸಲ ಕೇಳಿದೆ. ಉತ್ತರ ಬರುವುದಿಲ್ಲವೆಂದು ಗೊತ್ತು. ನನಗೆ ತಲೆ ಕೆಟ್ಟಿಲ್ಲ. ಒಬ್ಬನೇ ಇರುವುದು ನನಗೆ ಬಹಳ ಕಷ್ಟವಾಗುತ್ತಿದೆ, ಅಷ್ಟೆ. ಅದು ಅಪರಾಧವಾಗಿದ್ದರೆ ಸಬ್‌ಇನ್‌ಸ್ಪೆಕ್ಟರ್ ಸಾಹೇಬರು ಬರೆದುಕೊಳ್ಳಲಿ.

ನನ್ನನ್ನು ಮನೆಗೆ ಕಳುಹಿಸಬೇಕಾದರೆ ನನ್ನವರು ಯಾರಾದರೂ ಜವಾಬ್ದಾರಿ ಹೊತ್ತು ಸಹಿ ಹಾಕಬೇಕೆಂದು ಸಾಹೇಬರು ತಿಳಿಸಿದರು. ಯಾರ ಹೆಸರೂ ತೋಚಲಿಲ್ಲ. ಬೆಂಚಿನ ಮೇಲೆ ಕುಳಿತಿದ್ದ ಸರಸ ಅವರ ಹೆಸರನ್ನೇ ಹೇಳಿದೆ. “ಚೆನ್ನಾಗಿದೆ! ದೂರು ಕೊಟ್ಟೋಳೂ ನಾನೇ, ಬಿಡಿಸ್ಕೊಂಡು ಹೋಗೋಳೂ ನಾನೇನಾ?” ಎಂದು ಗದರಿ, ಪೆನ್ನು ತೆಗೆದುಕೊಂಡರು. ನನಗೂ ಅವರಿಗೂ ಏನು ಸಂಬಂಧವೆಂದು ಬರೆಯುವ ಜಾಗ ಬಂದಾಗ ನನ್ನ ಮುಖ ನೋಡಿದರು. ಅದನ್ನು ಖಾಲಿ ಬಿಟ್ಟು, ಕೆಳಗೆ ಸಹಿ ಹಾಕಿದರು.

ಹೇಳಿದ್ದನ್ನೇ ಬರೆದಿದ್ದಾರೆ, ಓದಿಸಿ ಕೇಳಿದ್ದೇನೆ, ಎಲ್ಲವೂ ನಡೆದದ್ದೇ.

ಸ್ಥಳ: ಅಡ್ಯಾರ್, ಚೆನ್ನೈ
ದಿನಾಂಕ: 14-5-2003, ಸಂಜೆ 4.40
ಸಹಿ (ಎಡಗೈ): ಮಧ್ವರಾಜ