ಹಸಿ ಶಾವಿಗೆ

ಜಹೀರಾಬಾದಿನ ಬಸ್ ನಿಲ್ದಾಣದಲ್ಲಿ ಕೂತಿದ್ದ ಗುರುಲಿಂಗನ ಬೆನ್ನ ಹಿಂದೆ ಇಬ್ಬರು ಹೆಂಗಸರ ಮಾತು ನಡೆದಿತ್ತು.

"ಈ ರಂಜಾನಕ್ಕ ಬಾಜೂ ಮನಿ ಜುಲೇಖಾಬಿ ಕಡಿಂದ ಶಾವಿಗಿ ಬಂತೇನ್ರಿ, ಶಕುಂತಲಾಬಾಯಿ?"

"ಬಂತು. ಶಾವಿಗಿ, ಸಕ್ರಿ, ಒಣ ಖರ್ಜೂರ. ಯಾವಾಗಿನಂಗ ಎಲ್ಲಾ ಹಸೀದೇ. ನಮ್ಮದು ಲಿಂಗಾಯತರ ಮನಿ, ತಮ್ಮ ಗಡಿಗ್ಯಾಗ ಕುದಿಸಿದ್ದು ತಿನ್ನಂಗಿಲ್ಲ ಅಂತ ಅಕಿಗಿ ಗೊತ್ತಿತ್ತಲ್ಲ."

"ಜುಲೇಖಾಬಿ ರೋಜಾ ಉಪಾಸದಾಗೇ ತೀರಿಕೊಂಡ್ಲಲ್ರಿ! ಯಾರು ಕೊಟ್ರು?"

"ಮೊದಲೇ ಕಟ್ಟಿಟ್ಟಿದ್ಲಂತ. ಹಬ್ಬದ ದಿನ ಅಕಿ ಗಂಡ ತಂದುಕೊಟ್ಟ."

"ಪಾಯಸ ಮಾಡಿದ್ರೇನು?"

"ಇಲ್ಲ. ಕಟ್ಟಿದ್ದು ಕಟ್ಟಿದಂಗೇ ಅದ."

ಮತ್ತೆ ಶಕುಂತಲಾಬಾಯಿಯ ದನಿಯೇ ಕೇಳಿಸಿತು.

"ನಿಮ್ಮ ಒಲಿ ಮ್ಯಾಲ ಮಾಡಿದ್ದೇ ತಾ ಅಂತ ಅಕಿಗಿ ಒಂದಿನಾನೂ ಅನ್ನಲಿಲ್ಲ ನಾ."

"ಅಂದಿದ್ರ ಓಡಿ ಬಂದು ಕೊಡ್ತಿದ್ಲು."

"ಹೂಂ. ತಂದ್ರ ತಿನ್ನಬೇಕಾಗ್ತಿತ್ತಲ್ಲ, ಅದಕ್ಕೇ ಅನ್ನಲಿಲ್ಲ."

ಗುರುಲಿಂಗ ಹಿಂದಿರುಗಿ ನೋಡುವಷ್ಟರಲ್ಲಿ ಇಬ್ಬರೂ ತಾಂಡೂರಿನ ಬಸ್ಸು ಹತ್ತಿದ್ದರು.