ಪಕ್ಕಾ ಬಣ್ಣದ ಅಕ್ಷರ

ಸಭೆಯ ಅಧ್ಯಕ್ಷರೂ ಶಾಲಾಭಿವೃದ್ಧಿ ಸಮಿತಿಯ ಹಿರಿಯರೂ ಆದ ಚನ್ನವೀರಪ್ಪನವರೇ, ನಾಳೆಯಿಂದ ನನ್ನ ಕುರ್ಚಿಯಲ್ಲಿ ಕೂರಲಿರುವ ರಾಜಶ್ರೀ ಟೀಚರೇ, ವೇದಿಕೆಯ ಗಣ್ಯರೇ, ಊಟದ ವಾಸನೆ ಬಂದರೂ ಎದ್ದು ಹೋಗದೆ ಕುಳಿತಿರುವ ಸಭಿಕರೇ,

ಲಿಂಗಸುಗೂರಿನಿಂದ ಸಿಂಧನೂರಿಗೆ ವರ್ಗವಾಗಿ ಬಂದಾಗ ನನಗೆ ತಲೆತುಂಬ ಕೂದಲಿತ್ತು. ಇಂದು ನೀವು ತೊಡಿಸಿದ ಪೇಟ ಉಳಿದದ್ದನ್ನು ಮುಚ್ಚಿ ಉಪಕಾರ ಮಾಡಿದೆ.

ಬಡ ಮಕ್ಕಳಿಗೆಂದು ಬಂದ ಹೆಚ್ಚುವರಿ ಅನುದಾನವನ್ನು ಅಮರಗುಂಡಪ್ಪ ಮಾಸ್ತರರಂತೆ ಬಳಸಿದವರಿಲ್ಲ ಎಂದು ಅಧ್ಯಕ್ಷರು ಹೊಗಳಿದರು. ಹೌದೇ? ಹೇಗೆ ಬಳಸಿದೆ, ನಾನೇ ಹೇಳುತ್ತೇನೆ.

ಹನ್ನೆರಡು ವರ್ಷದ ಹಿಂದೆ ಆ ಅನುದಾನದಲ್ಲಿ ಪುಸ್ತಕದ ಚೀಲ ತಂದೆವು. ಮನೆಯವರು ಮಾರಿಕೊಂಡಾರು ಎಂಬ ಅನುಮಾನ ನನಗೆ. ಫೋಟೊದಲ್ಲಿ ಇಲಾಖೆಯ ಸಾಹೇಬರಿಗೆ ಕಾಣಬೇಕೆಂಬ ಆಸೆ ಬೇರೆ. ಒಂದೊಂದು ಚೀಲದ ಮೇಲೂ ನಾನೇ ಕುಳಿತು ಬಿಳಿ ಬಣ್ಣದಲ್ಲಿ ಬರೆದೆ: ‘ಬಡ ವಿದ್ಯಾರ್ಥಿ ನಿಧಿ’. ನನ್ನ ಅಕ್ಷರ ದುಂಡಗೆ, ನಿಮಗೆ ಗೊತ್ತೇ ಇದೆ. ಸಾಹೇಬರೂ ಮೆಚ್ಚಿದರು.

ಎಂಟನೆಯ ತರಗತಿಯ ಮಾಹಿರಾ ಮಾತ್ರ ಚೀಲದ ಒಳಮೈ ಹೊರಗೆ ಮಾಡಿಕೊಂಡು ಬಂದಳು. ಹೊಲಿಗೆಯ ದಾರಗಳೆಲ್ಲ ಜೋತಾಡುತ್ತಿದ್ದವು. ಪ್ರಾರ್ಥನೆಯ ಸಾಲಿನಲ್ಲೇ ಹಿಡಿದೆ.

“ಚೀಲ ಯಾಕ ಉಲ್ಟಾ ಮಾಡೀಯಬೇ?”

“ಮಳಿಗಿ ಅಕ್ಷರ ಅಳಿಸ್ತಾವ್ರಿ ಸರ.”

“ಅಳಸಂಗಿಲ್ಲ, ಪಕ್ಕಾ ಬಣ್ಣ ಐತಿ. ತಿರುವು. ಎಲ್ಲಾರಿಗೂ ಕೇಳಂಗ ಓದು.”

ತಿರುವಿದಳು. ಓದಿದಳು. ಒಂದು ಒತ್ತಕ್ಷರವೂ ತಪ್ಪಲಿಲ್ಲ. ನಾನು ಶಾಬಾಸ್ ಎಂದೆ. ಅಯ್ಯೋ, ಶಾಬಾಸ್ ಎಂದೆ! ಮಕ್ಕಳು ಚಪ್ಪಾಳೆಯನ್ನೂ ತಟ್ಟಿದರು.

ಮರುದಿನ ಅವಳು ಬರಲಿಲ್ಲ. ಮುಕ್ಕುಂದದ ಕಡೆ ನೆಲ್ಲು ನಾಟಿಗೆ ಹೋಗುವ ಹೆಣ್ಣಾಳುಗಳ ಟಂಟಂ ಗಾಡಿ ಹತ್ತಿದಳೆಂದು ಗೆಳತಿಯರು ಹೇಳಿದರು. ಹಾಜರಿ ಪುಸ್ತಕದಲ್ಲಿ ‘ಗೈರು’ ಎಂದು ಬರೆದೆ, ಅದನ್ನೂ ದುಂಡಗೆ. ಅವಳ ಮನೆ ಶಾಲೆಯ ಹಿಂದಿನ ಓಣಿಯಲ್ಲೇ ಇತ್ತು. ಹೋದೆನೇ? ಹೋಗಲಿಲ್ಲ. ಬಡತನದಿಂದ ಶಾಲೆ ಬಿಟ್ಟಳೆಂದು ವರದಿ ಕಳಿಸಿದೆ. ಅದು ಸುಳ್ಳೆಂದು ಬರೆಯುವಾಗಲೇ ನನಗೆ ಗೊತ್ತಿತ್ತು.

ಕಳೆದ ಭಾನುವಾರ ಹೋದೆ, ಈ ಸಮಾರಂಭಕ್ಕೆ ಕರೆಯುವ ನೆವದಲ್ಲಿ. ಮಾಹಿರಾ ತವರಿಗೆ ಬಂದು ಅಲ್ಲೇ ನೆಲೆಸಿದ್ದಾಳೆ. ಒಳಗಿದ್ದಳು, ಹೊರಗೆ ಬರಲಿಲ್ಲ. ಅವಳ ತಾಯಿ ರಹೀಮಾಬೀ ಕುರ್ಚಿ ಹಾಕಿ ಚಹಾ ಕೊಟ್ಟರು.

“ನಿಮ್ಮ ಮ್ಯಾಲ ಸಿಟ್ಟೇನಿಲ್ರಿ ಸರ. ಆದ್ರ ಮಾಹಿರಾ ತನ್ನ ಮಗಳು ನಗ್ಮಾನ್ನ ನಿಮ್ಮ ಸಾಲಿಗಿ ಹಚ್ಚಂಗಿಲ್ಲ ಅಂತಾಳ. ಕೂಸಿಗಿ ಆರು ತುಂಬ್ಯಾವ. ನಾ ಏನ್ ಹೇಳ್ಲಿ?”

ಕೂಸು ಬಾಗಿಲ ಸಂದಿಯಿಂದ ನನ್ನನ್ನೇ ನೋಡುತ್ತಿತ್ತು. ಕ್ಷಮಿಸು ಎನ್ನಬೇಕಾದಲ್ಲಿ ಆಮಂತ್ರಣ ಪತ್ರಿಕೆ ಕೊಟ್ಟು ಎದ್ದು ಬಂದೆ. ಇಷ್ಟು ವರ್ಷ ಮಾತಾಡಿಯೇ ಹೊಟ್ಟೆ ಹೊರೆದವನು ನಾನು!

ರಾಜಶ್ರೀ ಟೀಚರೇ, ಈ ವರ್ಷವೂ ಅನುದಾನ ಬರುತ್ತದೆ. ಏನು ಕೊಡುತ್ತೀರೋ ಕೊಡಿ, ಅದರ ಮೇಲೆ ಏನನ್ನೂ ಬರೆಯಬೇಡಿ. ದಾಖಲಾತಿ ಇನ್ನೂ ಮುಗಿದಿಲ್ಲ. ಆ ಮನೆಗೆ ನೀವೇ ಹೋಗಿ. ಅಮರಗುಂಡಪ್ಪ ಮಾಸ್ತರ ಶಾಲೆ ಬಿಟ್ಟು ಹೋದ ಎಂದು ಮೊದಲು ಹೇಳಿ. ಆಮೇಲೆ ಕೂಸನ್ನು ಶಾಲೆಗೆ ಕಳಿಸಿರೆಂದು ಕೇಳಿ.

ಶಾಲು ಹೊದಿಸಿದ ಕೈಗಳಿಗೂ, ಇದನ್ನೆಲ್ಲ ಕೇಳಿಸಿಕೊಂಡ ಕಿವಿಗಳಿಗೂ ಶರಣು. ನಮಸ್ಕಾರ.