ಸರ್ವರ್ ತೆವಳಿದ ಬೆಳಿಗ್ಗೆ

ಆಸ್ಪತ್ರೆಯ ರಿಪೋರ್ಟ್ ಕೌಂಟರಿನ ಮುಂದಿನ ಸಾಲು ಅಲುಗಾಡುತ್ತಲೇ ಇರಲಿಲ್ಲ. ನಿಂತೂ ನಿಂತೂ ನನ್ನ ಕಾಲು ಜೋಮು ಹಿಡಿದಿತ್ತು. ನನ್ನ ಮುಂದಿದ್ದ ಹೆಂಗಸಿನ ಕೊರಳಲ್ಲಿ ಅದೇ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಐಡಿ ಕಾರ್ಡ್ ಇತ್ತು. ಅವರ ಅತ್ತೆ ಪಕ್ಕದ ಬೆಂಚಿನಲ್ಲಿ ಕೂತಿದ್ದರು. ಅಷ್ಟರಲ್ಲಿ ಅವರ ಸಹೋದ್ಯೋಗಿಯೊಬ್ಬರು ತೆರೆದ ಲ್ಯಾಪ್‌ಟಾಪ್ ಹಿಡಿದುಕೊಂಡೇ ಬಂದರು.

“ಸರ್ವರ್ ಯಾಕೆ ತೆವಳ್ತಿದೆ ಅಂತ ಗೊತ್ತಾಯ್ತು ಮೇಡಂ.”

“ಪ್ರೊಸೆಸರ್ ಸಾಕಾಗ್ತಿಲ್ವಾ?”

“ಅದು ಕೈಕಟ್ಟಿ ಕೂತಿದೆ. ಡಿಸ್ಕಿಗೆ ಮಾತ್ರ ಉಸಿರಾಡೋಕೂ ಪುರುಸೊತ್ತಿಲ್ಲ. ಯಾವುದೋ ಪುಟ್ಟ ಪ್ರೋಗ್ರಾಮು ನಿಮಿಷಕ್ಕೊಂದ್ಸಲ ಶುರುವಾಗಿ, ಇಡೀ ವರ್ಷ ಸರ್ವರ್ ಬರೆದಿಟ್ಟ ಲಾಗ್ ಫೈಲುಗಳನ್ನ ಮೊದಲಿಂದ ಓದ್ತಿದೆ. ಒಂದು ಓದಿ ಮುಗಿಸೋದ್ರೊಳಗೆ ಇನ್ನೊಂದು ಹಾಜರು. ಈಗ ರಾಶಿ ಬಿದ್ದಿವೆ.”

“ಯಾವ ಪುಣ್ಯಾತ್ಮ ಹಾಕಿದ್ದು?”

ಅವರು ಪರದೆಯನ್ನು ಆಕೆಯ ಕಡೆ ತಿರುಗಿಸಿದರು. ಆಕೆ ಬಗ್ಗಿ ಓದಿದರು.

“ಇದು ನಾನೇ ಹಾಕಿದ್ದಲ್ವಾ? ಸರ್ವರ್ ಯಾಕೆ ನಿಧಾನ ಅಂತ ಕಂಡುಹಿಡಿಯೋಕೆ.”

“ಹೌದು ಮೇಡಂ. ಬೇಲಿನೇ ಎದ್ದು ಹೊಲ ಮೇಯ್ದಂಗಾಯ್ತು.”

“ಗಾದೆ ಆಮೇಲೆ ಹೇಳೋರಂತೆ. ಮೊದ್ಲು ಎಲ್ಲಾ ನಿಲ್ಸಿ.”

ಸಹೋದ್ಯೋಗಿ ನಿಂತಲ್ಲೇ ಏನೋ ಒತ್ತಿದರು. ಕೌಂಟರಿನೊಳಗೆ ಪ್ರಿಂಟರ್ ಗರಗರ ಎಂದಿತು. ಸಾಲು ಸರಸರನೆ ಮುಂದೆ ಹೋಗತೊಡಗಿತು.

“ಯಾರ ತಪ್ಪಂತೆ?” ಬೆಂಚಿನಿಂದ ಅತ್ತೆ ಕೇಳಿದರು.

“ಕಂಪ್ಯೂಟರ್ ವಿಭಾಗದೋರದ್ದೇ ಅತ್ತೆ.”

“ಅಂಥೋರನ್ನ ಸಾಲಿನ ಕೊನೇಲಿ ನಿಲ್ಲಿಸ್ಬೇಕು. ಆಗ ಗೊತ್ತಾಗುತ್ತೆ.”

ಆಕೆ ಚೀಲವನ್ನು ಹೆಗಲಿಗೇರಿಸಿಕೊಂಡು, ನನಗೆ ಜಾಗ ಬಿಟ್ಟು, ಹಿಂದಕ್ಕೆ ನಡೆದರು.

“ಎಲ್ಲಿಗೆ ಹೊರಟ್ಯೇ? ನಮ್ಮ ಸರದಿ ಬಂತಲ್ಲ!”